ಎಂಜಿನ್ನಿನ ರೋಗನಿದಾನ

ಆಷಾಢಮಾಸದ ಮುಂಜಾವಿನಲ್ಲಿ ಖಾನಾಪುರದಿಂದ ಜಾಂಬೋಟಿ, ಕಣಕುಂಬಿಗಳ ಕಡೆಗೆ ನೋಡಿದರೆ, ಕಾಡಿನ ನೆತ್ತಿಯ ಮೇಲಿಂದ ಬೆಳ್ಳಗಿನ ಸುರುಳಿಗಳು ಮೇಲೇಳುತ್ತಿರುವದು ಕಾಣುವದು. ಊರಿಗೆ ಹೊಸಬನಾದವನು ಅದನ್ನು ಹೊಗೆಯೆಂದು ತಿಳಿದು, “ಅಲ್ಲಿ ಬೆಂಕಿ ಬಿದ್ದಿದೆ” ಎಂದು ನಿರ್ಣಯಿಸಿದನೆನ್ನೋಣ. ಅವನ ತರ್ಕದಲ್ಲಿ ದೋಷವಿಲ್ಲ. ಹೊಗೆಯಿದ್ದಲ್ಲಿ ಬೆಂಕಿಯಿರುವದೆಂಬ ಮಾತು ನಿಜವೇ. ದೋಷವಿರುವದು ಅವನು ಹಿಡಿದ ಗುರುತಿನಲ್ಲಿ. ಅವನು ಕಂಡದ್ದು ಹೊಗೆಯಲ್ಲ, ಮಂಜು. ಹೇತುವಿನಂತೆ ತೋರಿ ಹೇತುವಲ್ಲದ ಇಂಥ ಮೋಸದ ಗುರುತುಗಳನ್ನು ನಮ್ಮ ನೈಯಾಯಿಕರು ಹೇತ್ವಾಭಾಸಗಳೆಂದು ಕರೆದು, ಅವುಗಳ ಜಾತಿಗಳನ್ನು ಎಣಿಸಿ ಇಟ್ಟಿರುವರು.

ಈ ಹಳೆಯ ಪಾಠವನ್ನು ಗೃಹಸ್ಥರು ಓದುವ ಪತ್ರಿಕೆಯಲ್ಲಿ ಎತ್ತಿಕೊಳ್ಳುವದಕ್ಕೆ ಸಕಾರಣವಿದೆ. ಇತ್ತಿತ್ತಲಾಗಿ ನಮ್ಮ ಬೆಳಗಾವಿಯಲ್ಲಿಯೂ ಖಾನಾಪುರದ ಸೀಮೆಯಲ್ಲಿಯೂ ಅನೇಕ ಕುಟುಂಬಗಳ ಅನ್ನವು ಒಂದು ವ್ಯಾನಿನ ಮೇಲೆ ನಿಂತಿರುವದು. ಮಕ್ಕಳನ್ನು ಶಾಲೆಗೆ ಮುಟ್ಟಿಸುವವರು, ಹಾಲು-ತರಕಾರಿಗಳನ್ನು ಪೇಟೆಗೆ ತರುವವರು, ಲಗ್ನ-ಮುಂಜಿವೆಗಳಿಗೆ ಬೀಗರನ್ನು ಕರೆದೊಯ್ಯುವವರು, ಇವರೆಲ್ಲರ ಬಂಡವಲವೆಂದರೆ ಸಾಲದಿಂದ ಕೊಂಡ ಆ ನಾಲ್ಕು ಗಾಲಿಗಳೇ. ಗಾಡಿ ನಿಂತ ದಿನ ಗಳಿಕೆಯು ನಿಲ್ಲುವದು. ತಿಂಗಳ ಕಂತು ಮಾತ್ರ ನಿಲ್ಲುವದಿಲ್ಲ. ಇಂಥ ಗಾಡಿಯಲ್ಲಿ ಚಾಲಕನ ಕಣ್ಣೆದುರು ಎಂಜಿನ್ನಿನ ಆಕಾರದ ಹಳದಿ ದೀಪವೊಂದು ಹೊತ್ತಿತೆಂದರೆ ಮನೆಯವರ ಮುಖವೆಲ್ಲ ಬಾಡುವದು. ಮುಂದೆ ಗ್ಯಾರೇಜು, ಸ್ಕ್ಯಾನರು, ಒಂದು ಸಂಕೇತಸಂಖ್ಯೆ, ಒಂದು ಹೊಸ ಬಿಡಿಭಾಗ, ಒಂದು ಬಿಲ್ಲು. ನಾಲ್ಕು ದಿನಗಳ ತರುವಾಯ ಮತ್ತೆ ಅದೇ ದೀಪ!

ಪ್ರಕೃತ ಲೇಖಕನು ಯಂತ್ರಶಾಸ್ತ್ರಜ್ಞನಲ್ಲ. ಆಯುಷ್ಯವನ್ನು ಸಂಸ್ಕೃತ-ಕನ್ನಡಗಳ ಪಾಠ ಹೇಳುವದರಲ್ಲಿ ಕಳೆದವನು. ಆದರೆ ಅವನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಉದ್ಯಮಬಾಗದ ಎರಕದ ಮನೆಗಳಲ್ಲಿಯೂ ಲೇತುಗಳ ಮುಂದೆಯೂ ಗ್ಯಾರೇಜುಗಳಲ್ಲಿಯೂ ದುಡಿಯುವರು. ಅವರ ಸಹವಾಸದಿಂದ ತಿಳಿದ ಒಂದೇ ಸಂಗತಿಯನ್ನು ಇಲ್ಲಿ ಬಿಡಿಸಿ ಹೇಳಬೇಕಾಗಿದೆ: ಆ ದೀಪವೂ ಆ ಸಂಕೇತಸಂಖ್ಯೆಯೂ ಸಾಕ್ಷಿಗಳು, ಅವು ನ್ಯಾಯಾಧೀಶರಲ್ಲ. ಸಾಕ್ಷಿಯ ಮಾತನ್ನೇ ತೀರ್ಪೆಂದು ಹಿಡಿದಲ್ಲಿ ನಿರಪರಾಧಿಗೆ ಶಿಕ್ಷೆಯಾಗುವದು, ದಂಡವನ್ನು ಗಾಡಿಯ ಯಜಮಾನನು ತೆರುವನು.

ದೀಪವು ಹುಟ್ಟಿದ ಬಗೆ

೧೯೮೪ರಲ್ಲಿ ಮಾರುತಿ ವ್ಯಾನು ನಮ್ಮ ರಸ್ತೆಗಳಿಗೆ ಬಂದಾಗ (ಮುಂದೆ ಅದಕ್ಕೆ ಓಮ್ನಿ ಎಂದು ಹೆಸರಾಯಿತು) ಅದರಲ್ಲಿ ಇಂಥ ದೀಪವಿರಲಿಲ್ಲ. ಗಾಳಿ-ಪೆಟ್ರೋಲುಗಳನ್ನು ಬೆರೆಸುವದು ಕಾರ್ಬುರೇಟರಿನ ಕೆಲಸವಾಗಿತ್ತು. ಅನುಭವಿಯಾದ ಮಿಸ್ತ್ರಿಯು ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು, ಪ್ಲಗ್ಗನ್ನು ಬಿಚ್ಚಿ ಅದರ ತುದಿಯ ಬಣ್ಣವನ್ನು ನೋಡಿ, ವೈದ್ಯನು ನಾಡಿ ಹಿಡಿದಂತೆ ದೋಷವನ್ನು ಹೇಳುತ್ತಿದ್ದನು.

ದೀಪವು ಹುಟ್ಟಿದ್ದು ಚಾಲಕನ ಸೌಕರ್ಯಕ್ಕಾಗಿ ಅಲ್ಲ, ಊರಿನ ಗಾಳಿಯ ಶುದ್ಧಿಗಾಗಿ. ಅಮೇರಿಕೆಯ ಕ್ಯಾಲಿಫೋರ್ನಿಯಾ ಸಂಸ್ಥಾನವು ೧೯೮೮ರ ಮಾದರಿಯ ಕಾರುಗಳಿಂದ ಮೊದಲುಮಾಡಿ, ಗಾಡಿಯು ತನ್ನ ಹೊಗೆಯ ಮೇಲೆ ತಾನೇ ಕಣ್ಣಿಟ್ಟಿರಬೇಕೆಂದು ನಿಯಮಿಸಿತು. ೧೯೯೬ರಿಂದ ಆ ದೇಶದ ಎಲ್ಲ ಹೊಸ ಕಾರುಗಳಿಗೂ ಒಂದೇ ಬಗೆಯ ಸಂಕೇತಗಳೂ ಸ್ಕ್ಯಾನರನ್ನು ಜೋಡಿಸುವ ಹದಿನಾರು ಮೊಳೆಗಳ ಒಂದೇ ಬಗೆಯ ಕಪ್ಲರೂ ಕಡ್ಡಾಯವಾದವು. ನಮ್ಮ ದೇಶದಲ್ಲಿ ಈ ಸ್ವಯಂಪರೀಕ್ಷೆಯು ೨೦೧೦ರಲ್ಲಿ ಮೊದಲಾಗಿ, ೨೦೧೩ರಲ್ಲಿ ಇನ್ನಷ್ಟು ಬಿಗಿಯಾಯಿತು. ೨೦೨೦ರ ಏಪ್ರಿಲ್ ೧ರಿಂದ ಭಾರತ್ ಸ್ಟೇಜ್ ೬ ಎಂಬ ನಿಯಮಗಳು ದೇಶಕ್ಕೆಲ್ಲ ಅನ್ವಯಿಸಿದವು. ೨೦೨೩ರ ಏಪ್ರಿಲಿನಲ್ಲಿ ಅವುಗಳ ಎರಡನೆಯ ಮೆಟ್ಟಿಲು ಬಂದಿತು. ಓಮ್ನಿಯು ೨೦೧೯ರಲ್ಲಿ ನಿಂತುಹೋಯಿತು. ಈಗಿನ ಈಕೋ ಮೊದಲಾದ ವ್ಯಾನುಗಳು ಹೊರಗಿನಿಂದ ಅದರ ತಮ್ಮಂದಿರಂತೆ ಕಂಡರೂ ಒಳಗೆ ಬೇರೆ ಜಾತಿಯವೇ ಆಗಿವೆ.

ಈ ಇತಿಹಾಸದಿಂದ ಗೃಹಸ್ಥನು ತಿಳಿಯತಕ್ಕದ್ದು ಇಷ್ಟು: ದೀಪದ ಮುಖ್ಯ ಲಕ್ಷ್ಯವು ಹೊಗೆಯ ಮೇಲಿದೆ. ಗಾಡಿಗೆ ದೊಡ್ಡ ಕೇಡೊಂದು ಆಗುತ್ತಿದ್ದರೂ ಅದು ಹೊಗೆಗೆ ಸಂಬಂಧಿಸದಿದ್ದರೆ ದೀಪವು ಸುಮ್ಮನಿರಬಹುದು. ಸಣ್ಣದೊಂದು ಗಾಳಿಯ ಸೋರಿಕೆಗೆ ಅದು ಹೊತ್ತಿಕೊಳ್ಳಬಹುದು. ದೀಪ ಹೊತ್ತದ ಮಾತ್ರಕ್ಕೆ ಆರೋಗ್ಯವಲ್ಲ, ಹೊತ್ತಿದ ಮಾತ್ರಕ್ಕೆ ಮರಣವೂ ಅಲ್ಲ.

ಸಂಕೇತವು ಹೇಳುವದೇನು?

ಇಂದಿನ ಎಂಜಿನ್ನಿಗೆ ಒಂದು ಗಣಕದ ಪೆಟ್ಟಿಗೆಯಿರುವದು. ಮಿಸ್ತ್ರಿಗಳು ಇದನ್ನು ಈಸಿಎಂ ಎನ್ನುವರು. ಅದಕ್ಕೆ ಸ್ವಂತ ಕಣ್ಣಿಲ್ಲ. ಸೆನ್ಸರುಗಳೆಂಬ ದೂತರು ಬೇರೆ ಬೇರೆ ಸ್ಥಳಗಳಲ್ಲಿ ಕುಳಿತು ತಂತಿಗಳ ಮೂಲಕ ವರ್ತಮಾನ ಕಳಿಸುವರು. ಒಬ್ಬನು ಒಳಬರುವ ಗಾಳಿಯ ಒತ್ತಡವನ್ನು, ಒಬ್ಬನು ನೀರಿನ ಉಷ್ಣತೆಯನ್ನು, ಒಬ್ಬನು ಕ್ರ್ಯಾಂಕಿನ ಸುತ್ತುಗಳನ್ನು, ಮತ್ತೊಬ್ಬನು ಸುಟ್ಟ ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವನು. ಅನೇಕ ದೂತರ ವರ್ತಮಾನವು ಐದು ವೋಲ್ಟಿನೊಳಗಿನ ವಿದ್ಯುತ್ತಿನ ಏರಿಳಿತದ ರೂಪದಲ್ಲಿರುವದು. ಬಂದ ಸಂಖ್ಯೆಯು ಮೇರೆ ಮೀರಿದಾಗ, ಇಲ್ಲವೆ ಇಬ್ಬರು ದೂತರ ಮಾತು ಒಂದಕ್ಕೊಂದು ಕೂಡದಿದ್ದಾಗ, ಪೆಟ್ಟಿಗೆಯು ಒಂದು ಸಂಕೇತವನ್ನು ಬರೆದಿಟ್ಟು ದೀಪವನ್ನು ಹೊತ್ತಿಸುವದು.

ಸಂಕೇತವು ಒಂದಕ್ಷರ ಮತ್ತು ನಾಲ್ಕು ಸ್ಥಾನಗಳದು. ‘ಪಿ’ ಎಂಬ ಅಕ್ಷರವು ಎಂಜಿನ್-ಗೇರುಗಳ ವಿಭಾಗಕ್ಕೆ ಸಲ್ಲುವದು. ಪಿ ೦೧೭೧ ಎಂದರೆ ಮಿಶ್ರಣದಲ್ಲಿ ಗಾಳಿ ಹೆಚ್ಚು, ಇಂಧನ ಕಡಿಮೆ ಎಂದರ್ಥ. ಪಿ ೦೩೦೧ ಎಂದರೆ ಮೊದಲನೆಯ ಸಿಲಿಂಡರಿನಲ್ಲಿ ಮಿಸ್ಸಿಂಗ್, ಅಂದರೆ ಇಂಧನವು ಸರಿಯಾಗಿ ಉರಿಯುತ್ತಿಲ್ಲ. ಪಿ ೦೩೩೫ ಎಂದರೆ ಕ್ರ್ಯಾಂಕ್ ಸೆನ್ಸರಿನ ಮಂಡಲದಲ್ಲಿ ದೋಷ. ಪಿ ೦೪೨೦ ಎಂದರೆ ಹೊಗೆಯನ್ನು ಶುದ್ಧಿಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನ ಸಾಮರ್ಥ್ಯವು ಸಾಲದು.

ವಾಚಕರು ಇಲ್ಲಿ ಶಬ್ದಾರ್ಥವನ್ನು ಗಮನಿಸಬೇಕು. ಪಿ ೦೩೩೫ರಲ್ಲಿ ‘ಸೆನ್ಸರು ಕೆಟ್ಟಿದೆ’ ಎಂದು ಹೇಳಿಲ್ಲ; ಸೆನ್ಸರಿನ ‘ಮಂಡಲ’ ಎಂದು ಹೇಳಿದೆ. ಮಂಡಲದಲ್ಲಿ ಸೆನ್ಸರೊಂದೇ ಅಲ್ಲ, ತಂತಿ, ಕಪ್ಲರು, ಅರ್ಥಿಂಗು, ಪೆಟ್ಟಿಗೆ ಎಲ್ಲವೂ ಸೇರುವವು. ದೂತನು ಬರಲಿಲ್ಲವೆಂದರೆ ದೂತನೇ ಸತ್ತನೆಂದು ಅರ್ಥವಲ್ಲ. ದಾರಿಯ ಸೇತುವೆ ಮುರಿದಿರಬಹುದು. ಅಗ್ಗದ ಸ್ಕ್ಯಾನರುಗಳೂ ಮೊಬೈಲಿನಲ್ಲಿ ನೋಡುವ ಪಟ್ಟಿಗಳೂ ಈ ಸೂಕ್ಷ್ಮವನ್ನು ಬಿಟ್ಟು ಬಿಡಿಭಾಗದ ಹೆಸರನ್ನಷ್ಟೇ ತೋರಿಸುವದರಿಂದ ಅರ್ಧದಷ್ಟು ಅನರ್ಥವು ಅಲ್ಲಿಯೇ ಹುಟ್ಟುವದು.

ಐದು ಸಾಧನಗಳು

ನಮ್ಮ ಆಯುರ್ವೇದದಲ್ಲಿ ರೋಗವನ್ನು ತಿಳಿಯುವದಕ್ಕೆ ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ ಎಂದು ಐದು ಸಾಧನಗಳನ್ನು ಹೇಳಿರುವರು. ಮಾಧವನಿದಾನವೆಂಬ ಪ್ರಸಿದ್ಧ ಗ್ರಂಥವು ಈ ಐದರ ವಿಚಾರದಿಂದಲೇ ಮೊದಲಾಗುವದು. ಸ್ಕ್ಯಾನರು ತೋರಿಸುವದು ಇವುಗಳಲ್ಲಿ ‘ರೂಪ’ವೆಂಬ ಒಂದರ ಒಂದು ಅಂಶವನ್ನು ಮಾತ್ರ. ಉಳಿದ ನಾಲ್ಕನ್ನು ಮನುಷ್ಯನೇ ಕೂಡಿಸಬೇಕು.

ಮೊದಲನೆಯದು ನಿದಾನ, ಅಂದರೆ ರೋಗಕ್ಕೆ ಮುಂಚೆ ನಡೆದ ಆಹಾರ-ವಿಹಾರಗಳು. ದೀಪ ಹೊತ್ತುವದಕ್ಕೆ ಮೊದಲು ಗಾಡಿಗೆ ಏನೇನಾಯಿತು? ಹೊಸದಾಗಿ ಇಂಧನ ತುಂಬಿಸಿದ್ದುಂಟೇ? ಎಂಜಿನ್ನಿನ ಮೇಲೆ ನೀರಿನ ಪಿಚಕಾರಿ ಹೊಡೆದು ತೊಳೆದರೇ? ಹೊಸ ಹಾರ್ನು, ಹಾಡಿನ ಪೆಟ್ಟಿಗೆ, ಹೆಚ್ಚಿನ ದೀಪಗಳನ್ನು ಕೂಡಿಸಿದರೇ? ಬೇರೊಂದು ದುರಸ್ತಿಗಾಗಿ ಎಂಜಿನ್ನನ್ನು ಬಿಚ್ಚಿದ್ದರೇ? ಮಳೆಗಾಲದಲ್ಲಿ ಬೆಚ್ಚಗಿನ ಎಂಜಿನ್ನಿನ ಸಂದಿಯಲ್ಲಿ ಇಲಿಗಳು ಮನೆಮಾಡಿ ತಂತಿ ಕಡಿಯುವದೂ ನಮ್ಮಲ್ಲಿ ಅಪರೂಪವಲ್ಲ. ನಿನ್ನೆ ಬಿಚ್ಚಿ ಜೋಡಿಸಿದ ಸ್ಥಳದ ಪಕ್ಕದಲ್ಲಿ ಇಂದು ದೋಷ ಹುಟ್ಟಿದರೆ ಮೊದಲು ನೋಡಬೇಕಾದದ್ದು ಅರೆಕೂತ ಕಪ್ಲರನ್ನು, ಹೊಸ ಸೆನ್ಸರನ್ನಲ್ಲ.

ಎರಡನೆಯದು ಪೂರ್ವರೂಪ. ಮುಂಜಾನೆ ಎಂಜಿನ್ನು ಸುರುವಾಗುವದಕ್ಕೆ ಹೆಚ್ಚು ಹೊತ್ತು ಹಿಡಿಯುವದು, ಆವರೇಜು ಮೆಲ್ಲನೆ ಇಳಿಯುವದು, ದೀಪವು ಒಂದು ದಿನ ಹೊತ್ತಿ ತಾನಾಗಿಯೇ ಆರುವದು, ಇವು ಮುನ್ಸೂಚನೆಗಳು. ಅನೇಕ ದೋಷಗಳಲ್ಲಿ ಪೆಟ್ಟಿಗೆಯು ಮೊದಲ ಸಲಕ್ಕೆ ದೀಪ ಹೊತ್ತಿಸದೆ, ಸಂಶಯವನ್ನು ಮಾತ್ರ ಟಿಪ್ಪಣಿ ಮಾಡಿಕೊಂಡು, ಮತ್ತೊಂದು ಪ್ರಯಾಣದಲ್ಲಿ ಅದೇ ದೋಷ ಕಂಡಾಗ ದೀಪ ತೋರಿಸುವದು.

ಮೂರನೆಯದು ರೂಪ. ಸಂಕೇತವೂ ಅದರೊಡನೆ ಪೆಟ್ಟಿಗೆಯು ಬರೆದಿಟ್ಟ ಆ ಕ್ಷಣದ ಚಿತ್ರವೂ ಇದರಲ್ಲಿ ಸೇರುವವು. ದೋಷ ಕಂಡ ಕ್ಷಣದಲ್ಲಿ ವೇಗವೆಷ್ಟು, ಎಂಜಿನ್ನಿನ ಸುತ್ತೆಷ್ಟು, ಉಷ್ಣತೆಯೆಷ್ಟು, ಭಾರವೆಷ್ಟು ಎಂಬುದೆಲ್ಲವೂ ಅದರಲ್ಲಿ ಸಿಕ್ಕುವದು. ಸಂಕೇತವನ್ನು ಅಳಿಸಿದೊಡನೆ ಈ ಚಿತ್ರವೂ ಅಳಿದುಹೋಗುವದು. ಆದಕಾರಣ “ಮೊದಲು ಅಳಿಸಿ ನೋಡೋಣ” ಎಂಬ ಪದ್ಧತಿಯು ಒಳ್ಳೆಯದಲ್ಲ. ಕಳುವಾದ ಮನೆಯ ನೆಲವನ್ನು ಪೋಲೀಸರು ಬರುವ ಮೊದಲೇ ಸಾರಿಸಿದಂತೆ ಆಗುವದು.

ನಾಲ್ಕನೆಯದು ಉಪಶಯ. ರೋಗವು ಗೂಢವಾದಾಗ ವೈದ್ಯನು ಅಲ್ಪ ಔಷಧವನ್ನೋ ಪಥ್ಯವನ್ನೋ ಕೊಟ್ಟು, ಹಿತವಾಯಿತೇ ಅಹಿತವಾಯಿತೇ ಎಂಬುದರಿಂದ ರೋಗವನ್ನು ಗೊತ್ತುಮಾಡುವನು. ನೈಯಾಯಿಕರ ಅನ್ವಯ-ವ್ಯತಿರೇಕವೂ ಇದೇ: ಒಂದು ಇದ್ದರೆ ಮತ್ತೊಂದು ಇರಬೇಕು, ಅದು ಇಲ್ಲವಾದರೆ ಇದೂ ಇಲ್ಲವಾಗಬೇಕು. ಪಿ ೦೩೦೧ ಬಂದಿತೆನ್ನೋಣ. ಮೊದಲನೆಯ ಸಿಲಿಂಡರಿನ ಕಾಯಿಲನ್ನು ಎರಡನೆಯದಕ್ಕೂ ಎರಡನೆಯದನ್ನು ಮೊದಲನೆಯದಕ್ಕೂ ಬದಲಿಸಿ ಗಾಡಿಯನ್ನು ನಡೆಸಬೇಕು. ಸಂಕೇತವು ಈಗ ಪಿ ೦೩೦೨ ಆದರೆ ಕಾಯಿಲೇ ಅಪರಾಧಿ. ದೋಷವು ಅದರ ಬೆನ್ನು ಹತ್ತಿ ಹೋಯಿತು. ಸಂಕೇತವು ಅಲ್ಲಿಯೇ ನಿಂತರೆ ಕಾಯಿಲು ನಿರ್ದೋಷಿ. ಪ್ಲಗ್ಗು, ಇಂಜೆಕ್ಟರು, ಕಂಪ್ರೆಷನ್ನುಗಳನ್ನು ವಿಚಾರಿಸತಕ್ಕದ್ದು. ಸಿಲಿಂಡರಿಗೊಂದು ಕಾಯಿಲಿರುವ ಗಾಡಿಯಲ್ಲಿ ಈ ಪರೀಕ್ಷೆಗೆ ಕಾಸಿನ ಖರ್ಚಿಲ್ಲ. ಸಿಎನ್‌ಜಿ ವ್ಯಾನುಗಳಲ್ಲಿ ಇನ್ನೊಂದು ಸುಲಭದ ಉಪಶಯವುಂಟು. ಗ್ಯಾಸಿನ ಮೇಲೆ ಏರು ಹತ್ತುವಾಗ ಮಿಸ್ಸಿಂಗ್ ಆಗಿ, ಪೆಟ್ರೋಲಿಗೆ ಬದಲಿಸಿದೊಡನೆ ನೆಟ್ಟಗಾದರೆ, ಜನರು ಗ್ಯಾಸಿನ ಕಿಟ್ಟನ್ನು ದೂರುವರು. ಆದರೆ ಗ್ಯಾಸಿನ ಮಿಶ್ರಣಕ್ಕೆ ಕಿಡಿ ಹೊತ್ತಿಸುವದಕ್ಕೆ ಹೆಚ್ಚಿನ ವೋಲ್ಟೇಜು ಬೇಕು. ಸವೆದ ಪ್ಲಗ್ಗು ಪೆಟ್ರೋಲಿನ ಮೇಲೆ ಹೇಗೋ ಕಾಲ ನೂಕಿ, ಗ್ಯಾಸಿನ ಮೇಲೆ ಸೋಲುವದು. ಕಿಟ್ಟಿಗೆ ಕೈಹಚ್ಚುವ ಮೊದಲು ಪ್ಲಗ್ಗನ್ನು ನೋಡುವದು ಉಚಿತ.

ಐದನೆಯದು ಸಂಪ್ರಾಪ್ತಿ, ಅಂದರೆ ದೋಷವು ಎಲ್ಲಿ ಹುಟ್ಟಿ ಯಾವ ದಾರಿಯಿಂದ ಬಂದು ಎಲ್ಲಿ ಕಾಣಿಸಿಕೊಂಡಿತೆಂಬ ಅನುಕ್ರಮ. ಇದು ಅತ್ಯಂತ ಮಹತ್ವದ್ದು. ಸೈಲೆನ್ಸರಿನ ಕೊಳವೆಯಲ್ಲಿ, ಆಮ್ಲಜನಕದ ಸೆನ್ಸರಿಗಿಂತ ಮುಂಚೆ, ಒಂದು ಸಣ್ಣ ಬಿರುಕು ಬಿಟ್ಟಿತೆನ್ನೋಣ. ಹೊಗೆಯು ಅಲೆಅಲೆಯಾಗಿ ಹೋಗುವದರಿಂದ ಆ ಬಿರುಕಿನೊಳಗೆ ಹೊರಗಿನ ಗಾಳಿಯೂ ಸೇದಲ್ಪಡುವದು. ಸೆನ್ಸರು “ಆಮ್ಲಜನಕ ಹೆಚ್ಚಿದೆ” ಎಂದು ನಿಜವನ್ನೇ ಹೇಳುವದು. ಪೆಟ್ಟಿಗೆಯು “ಹಾಗಾದರೆ ಇಂಧನ ಕಡಿಮೆಯಾಗಿದೆ” ಎಂದು ಊಹಿಸಿ ಹೆಚ್ಚು ಪೆಟ್ರೋಲು ಸುರಿಸುವದು. ಕಡೆಗೆ ಪಿ ೦೧೭೧ ಎಂದು ಬರೆಯುವದು. ಇಂಧನ ಕಡಿಮೆ ಎಂಬ ಸಂಕೇತ. ನಿಜಸ್ಥಿತಿಯಲ್ಲಿ ಇಂಧನ ಹೆಚ್ಚಾಗಿ ಪೋಲಾಗುತ್ತಿರುವದು! ಈ ಸಂಕೇತವನ್ನು ನಂಬಿ ಪಂಪು, ಇಂಜೆಕ್ಟರು, ಸೆನ್ಸರುಗಳನ್ನು ಬದಲಿಸಿದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಗುವದು.

ಒಂದು ರೋಗವೇ ಮತ್ತೊಂದು ರೋಗಕ್ಕೆ ಕಾರಣವಾಗುವದನ್ನೂ ವೈದ್ಯಗ್ರಂಥಗಳು ವಿಚಾರಿಸಿವೆ. ಕ್ಯಾಟಲಿಟಿಕ್ ಕನ್ವರ್ಟರು ಬಹುಮಟ್ಟಿಗೆ ಹೀಗೆ ಅನ್ಯರ ಪಾಪಕ್ಕೆ ಸಾಯುವ ಭಾಗ. ಮಿಸ್ಸಿಂಗ್ ಆದಾಗ ಉರಿಯದ ಪೆಟ್ರೋಲು ಅದರೊಳಗೆ ಹೋಗಿ ಉರಿದು ಅದನ್ನು ಕರಗಿಸುವದು. ಎಂಜಿನ್ನು ಆಯಿಲು ಸುಡುತ್ತಿದ್ದರೆ ಅದರ ಶೇಷವು ಕನ್ವರ್ಟರಿನ ಮೈಗೆ ಲೇಪಗೊಳ್ಳುವದು. ಮೂಲವನ್ನು ಬಿಟ್ಟು ಬೆಲೆಯುಳ್ಳ ಕನ್ವರ್ಟರನ್ನು ಹೊಸದಾಗಿ ಹಾಕಿದರೆ ಹೊಸದಕ್ಕೂ ಅದೇ ಗತಿ.

ಡೀಸೆಲಿನ ಗಾಡಿಗಳಲ್ಲಿ ಇದಕ್ಕೆ ಜೋಡಿಯಾದದ್ದು ಡಿಪಿಎಫ್ ಎಂಬ ಮಸಿಯ ಸೋಸಣಿಗೆ. ಇದರಲ್ಲಿ ಕೂಡಿದ ಮಸಿಯನ್ನು ಗಾಡಿಯು ಆಗಾಗ್ಗೆ ಸುಮಾರು ೬೦೦ ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ತಾನೇ ಸುಟ್ಟುಕೊಳ್ಳುವದು. ಅದಕ್ಕೆ ಎಂಜಿನ್ನು ಚೆನ್ನಾಗಿ ಕಾಯ್ದು ಕೆಲವು ಹೊತ್ತು ಎಡೆಬಿಡದೆ ಓಡಬೇಕು. ಟಿಳಕವಾಡಿಯಿಂದ ಕ್ಯಾಂಪಿಗೆ, ಕ್ಯಾಂಪಿನಿಂದ ಶಹಾಪುರಕ್ಕೆ ಎಂದು ನಿಂತು ನಿಂತು ಓಡಾಡುವ ಗಾಡಿಗೆ ಈ ಅವಕಾಶ ಸಿಕ್ಕದೆ ಸೋಸಣಿಗೆ ಕಟ್ಟಿಕೊಳ್ಳುವದು. ದಿನಾಲು ಖಾನಾಪುರದವರೆಗೆ ಸುಮಾರು ೨೫ ಕಿಲೋಮೀಟರು ಒಂದೇ ಸಮನೆ ಓಡುವ ಗಾಡಿಗೆ ಈ ಬಾಧೆ ಕಡಿಮೆ. ಹಾಗೆ ಓಡುವ ಗಾಡಿಯಲ್ಲಿಯೂ ಸೋಸಣಿಗೆ ಪದೇ ಪದೇ ಕಟ್ಟಿದರೆ, ಅಪರಾಧಿಯು ಬೇರೆಡೆಯಲ್ಲಿರುವನು: ತೊಟ್ಟಿಕ್ಕುವ ಇಂಜೆಕ್ಟರು, ಟರ್ಬೋವಿನ ಒಡೆದ ಕೊಳವೆ, ಇಲ್ಲವೆ ಸದಾ ತೆರೆದೇ ನಿಂತು ಎಂಜಿನ್ನನ್ನು ಕಾಯಗೊಡದ ಥರ್ಮೋಸ್ಟಾಟು.

ಕುಂಬಾರನ ಕತ್ತೆ

ಈ ವಿಚಾರವನ್ನು ನಡೆದ ಸಂಗತಿಯೊಂದರಿಂದ ಸ್ಪಷ್ಟಪಡಿಸುವೆನು. ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಖಾನಾಪುರದಿಂದ ಬೆಳಗಾವಿಗೆ ಪೆಟ್ರೋಲ್ ವ್ಯಾನು ನಡೆಸುವನು. ಮುಂಜಾನೆ ಶಾಲೆಯ ಮಕ್ಕಳು, ಮಧ್ಯಾಹ್ನ ಕಿರಾಣಿ ಸಾಮಾನು; ಮನೆಯಲ್ಲಿ ವೃದ್ಧರಾದ ತಾಯಿ-ತಂದೆ, ಇಬ್ಬರು ಮಕ್ಕಳು. ಮಳೆಗಾಲ ಹಿಡಿದೊಡನೆ ಅವನ ಗಾಡಿಗೆ ಒಂದು ವಿಚಿತ್ರ ವ್ಯಾಧಿ ತಗಲಿತು. ಮಳೆ ಜೋರಾದಾಗ ದೇಸೂರಿನ ಆಸುಪಾಸಿನಲ್ಲಿ ಎಂಜಿನ್ನು ಜಗ್ಗಾಡುವದು, ದೀಪ ಹೊತ್ತುವದು, ಕೆಲವೊಮ್ಮೆ ನಡುರಸ್ತೆಯಲ್ಲಿ ನಿಂತೇ ಬಿಡುವದು. ಒಣ ದಿನದಲ್ಲಿ ಅದಕ್ಕೆ ಯಾವ ರೋಗವೂ ಇಲ್ಲ.

ಸ್ಕ್ಯಾನರು ಮೊದಲು ಕ್ರ್ಯಾಂಕ್ ಸೆನ್ಸರನ್ನು ಹೆಸರಿಸಿತು, ಹೊಸದು ಬಂದಿತು. ಮುಂದಿನ ಮಳೆಗೆ ಅದರ ಜೊತೆಗೆ ಥ್ರಾಟಲಿನ ಸಂಕೇತವೂ ಗಾಳಿಯ ಒತ್ತಡದ ಸಂಕೇತವೂ ಬಂದವು. ಇನ್ನೊಂದು ಸೆನ್ಸರು ಬದಲಾಯಿತು. ಸೆನ್ಸರುಗಳ ಕಪ್ಲರುಗಳಲ್ಲಿ ನೀರು ಹೋಗುವದೆಂದು ಅವುಗಳಿಗೆ ಪ್ಲಾಸ್ಟಿಕ್ಕು ಸುತ್ತಿದ್ದಾಯಿತು. ಕಡೆಗೆ, ಪೆಟ್ಟಿಗೆಯೇ ಕೆಟ್ಟಿದೆ, ಹೊಸದನ್ನು ತರಿಸಬೇಕೆಂಬ ಮಾತು ಹೊರಟಿತು. ಅಷ್ಟರೊಳಗೆ ಎರಡು ತಿಂಗಳ ಕಂತು ಬಾಕಿಬಿದ್ದು, ಮಕ್ಕಳ ಪಾಲಕರಲ್ಲಿ ಕೆಲವರು ಬೇರೆ ಗಾಡಿ ನೋಡಿಕೊಂಡಿದ್ದರು. ಅವನು ಒಂದು ಸಂಜೆ ನನ್ನಲ್ಲಿ ಬಂದು ಕುಳಿತು ಕೇಳಿದ್ದಿಷ್ಟು: “ಮಾಸ್ತರ್ರ, ಮಷೀನು ಸುಳ್ಳು ಹೇಳ್ತೈತೇನ್ರೀ?”

ಅವನ ಪ್ರಶ್ನೆಗೆ ಉತ್ತರ ಕೊಟ್ಟವನು ನಾನಲ್ಲ. ಮೀಟರು ಹಿಡಿದು ಕೆಲಸಮಾಡುವ ಖಾನಾಪುರದ ವೃದ್ಧನಾದ ಎಲೆಕ್ಟ್ರಿಶನ್ನನು. ಆತನು ಸ್ಕ್ಯಾನರನ್ನು ಜೋಡಿಸುವ ಮೊದಲು ಕೇಳಿದ ಪ್ರಶ್ನೆ ಒಂದೇ: “ಮಳಿ ಬಂದಾಗ ನೀ ಏನೇನು ಚಾಲೂ ಮಾಡ್ತೀಯಪ್ಪಾ?” ವೈಪರು, ಮುಂದಿನ ದೀಪಗಳು, ಗಾಜಿನ ಮಬ್ಬು ತೆಗೆಯಲು ಬ್ಲೋವರು ಎಂದು ಉತ್ತರ ಬಂದಿತು. ವೃದ್ಧನು ಒಣಗಿದ ಬಿಸಿಲಿನಲ್ಲಿಯೇ ಆ ಮೂರನ್ನೂ ಹಚ್ಚಿಸಿ, ಎಂಜಿನ್ನನ್ನು ರೇಸ್ ಮಾಡಿಸಿದನು. ಹನಿ ಮಳೆಯಿಲ್ಲದೆ ರೋಗವು ಬಂದಿತು! ಆಗ ಮೀಟರಿನ ಒಂದು ತುದಿಯನ್ನು ಎಂಜಿನ್ನಿನ ಮೈಗೂ ಮತ್ತೊಂದನ್ನು ಗಾಡಿಯ ಕಬ್ಬಿಣದ ಮೈಗೂ ಇಟ್ಟನು. ಎರಡೂ ಒಂದೇ ನೆಲವಾದ್ದರಿಂದ ಅಲ್ಲಿ ಹೆಚ್ಚುಕಡಿಮೆ ಸೊನ್ನೆ ಕಾಣಬೇಕು. ಕಂಡದ್ದು ಒಂದು ವೋಲ್ಟಿನ ಸಮೀಪ. ಎಂಜಿನ್ನನ್ನೂ ಗಾಡಿಯ ಮೈಯನ್ನೂ ಕೂಡಿಸುವ ಅರ್ಥಿಂಗಿನ ಪಟ್ಟಿಯು, ಬೋಲ್ಟಿನ ಕೆಳಗೆ, ರಸ್ತೆಯ ಕೆಸರುನೀರಿನಿಂದ ತುಕ್ಕುಹಿಡಿದು ಹಸಿರುಗಟ್ಟಿತ್ತು.

ವಿದ್ಯುತ್ತಿಗೆ ಹೋಗುವ ದಾರಿಯಷ್ಟೇ ಮರಳುವ ದಾರಿಯೂ ಬೇಕು. ದೀಪ, ವೈಪರು, ಬ್ಲೋವರುಗಳ ಪ್ರವಾಹವೆಲ್ಲ ಮರಳುವಾಗ ಆ ತುಕ್ಕಿನ ಕಿರಿದಾರಿಯಲ್ಲಿ ನೂಕುನುಗ್ಗಲಾಗುತ್ತಿತ್ತು. ಐದು ವೋಲ್ಟಿನ ಅಳತೆಗೋಲಿನಲ್ಲಿ ಒಂದು ವೋಲ್ಟು ಜಾರಿದರೆ ಐದರಲ್ಲೊಂದು ಪಾಲು ತಪ್ಪಾಯಿತು. ಹೀಗಿರಲು ಸತ್ಯವಂತರಾದ ದೂತರೆಲ್ಲರೂ ಒಮ್ಮೆಲೆ ಸುಳ್ಳುಗಾರರಂತೆ ತೋರಿದರು. ಬೋಲ್ಟನ್ನು ಬಿಚ್ಚಿ, ಮರಳುಕಾಗದದಿಂದ ತಿಕ್ಕಿ, ಹೊಸ ಪಟ್ಟಿ ಹಾಕಿ, ಮೇಲೆ ಗ್ರೀಸು ಸವರಿದ್ದಷ್ಟೇ ಚಿಕಿತ್ಸೆ. ಅಲ್ಲಿಂದೀಚೆಗೆ ಎರಡು ಮಳೆಗಾಲಗಳು ಕಳೆದವು, ಗಾಡಿ ನಿಂತಿಲ್ಲ.

ಖಾನಾಪುರವು ಮಣ್ಣಿನ ಕೆಲಸಕ್ಕೆ ಹೆಸರಾದ ಊರು. ನ್ಯಾಯಶಾಸ್ತ್ರದಲ್ಲಿಯೂ ಕುಂಬಾರನದೊಂದು ಪ್ರಸಿದ್ಧವಾದ ಉದಾಹರಣೆಯುಂಟು. ಗಡಿಗೆ ಹುಟ್ಟುವದಕ್ಕೆ ಮಣ್ಣು, ತಿಗರಿ, ಕೋಲು, ಕುಂಬಾರ ಇವೆಲ್ಲ ಕಾರಣಗಳು. ಮಣ್ಣು ಹೊತ್ತುತಂದ ಕತ್ತೆಯೂ ಗಡಿಗೆಗೆ ಮುಂಚೆ ಅಲ್ಲಿತ್ತು. ಆದರೆ ಅದು ಕಾರಣವಲ್ಲ, ಅದಿಲ್ಲದೆಯೂ ಗಡಿಗೆ ಆಗುವದು. ಇಂಥದಕ್ಕೆ ಅನ್ಯಥಾಸಿದ್ಧವೆಂದು ಹೆಸರು. ನನ್ನ ವಿದ್ಯಾರ್ಥಿಯ ಗಾಡಿಯ ಸಂಗತಿಯಲ್ಲಿ ಅಂದಂದಿನ ಮಳೆಯು ಕುಂಬಾರನ ಕತ್ತೆಯಾಗಿತ್ತು. ಪ್ರತಿಸಲವೂ ರೋಗದ ಮುಂದೆ ಅದು ಕಾಣಿಸಿಕೊಂಡದ್ದರಿಂದ ಎಲ್ಲರೂ ಅದನ್ನೇ ಹಿಡಿದರು. ಮಳೆಯನ್ನು ಬಿಟ್ಟು ವೈಪರು-ದೀಪಗಳನ್ನು ಮಾತ್ರ ಇಟ್ಟು ನೋಡಿದವನಿಗೆ ನಿಜವು ತಿಳಿಯಿತು.

ಇದರಿಂದ ನೆನಪಿಡತಕ್ಕ ಸೂತ್ರವೊಂದು ಹೊರಡುವದು. ಒಂದಕ್ಕೊಂದು ಸಂಬಂಧವಿಲ್ಲದ ಮೂರು-ನಾಲ್ಕು ಸಂಕೇತಗಳು ಒಮ್ಮೆಲೆ ಬಂದರೆ, ಮೂರು-ನಾಲ್ಕು ಭಾಗಗಳು ಒಟ್ಟಿಗೆ ಕೆಟ್ಟವೆಂದು ತಿಳಿಯಬಾರದು. ಅವೆಲ್ಲಕ್ಕೂ ಸಮಾನವಾದದ್ದೇನೆಂದು ಹುಡುಕಬೇಕು. ಅದು ಬ್ಯಾಟರಿಯಾಗಬಹುದು, ಅರ್ಥಿಂಗಾಗಬಹುದು, ಇಲ್ಲವೆ ಅವೆಲ್ಲಕ್ಕೂ ಐದು ವೋಲ್ಟು ಹಂಚುವ ಒಂದೇ ತಂತಿಯಾಗಬಹುದು. ಆ ತಂತಿಯ ಮೇಲಿನ ಒಂದು ಸೆನ್ಸರು ಒಳಗೆ ಶಾರ್ಟಾದರೆ ಉಳಿದ ನಿರಪರಾಧಿಗಳೂ ಅಪರಾಧಿಗಳಾಗಿ ಕಾಣುವವು.

ಎಂಜಿನ್ನಿಗೆ ಸೇರದ ಎಂಜಿನ್ ರೋಗಗಳು

ಕೆಲವು ವ್ಯಾಧಿಗಳು ಎಂಜಿನ್ನಿನ ವೇಷದಲ್ಲಿ ಬರುವವಾದರೂ ಎಂಜಿನ್ನಿಗೆ ಸೇರಿದವಲ್ಲ. ಗಾಡಿಯು ಏರಿನಲ್ಲಿ ಪಿಕಪ್ಪು ಕೊಡುವದಿಲ್ಲವೆಂದು ದೂರುವವರು, ಮೊದಲು ಬ್ರೇಕು ಹಿಡಿದುಕೊಂಡಿದೆಯೋ ನೋಡಬೇಕು. ಸ್ವಲ್ಪ ದೂರ ಓಡಿಸಿ ಇಳಿದಾಗ ಒಂದು ಗಾಲಿ ಮಾತ್ರ ಮಿಕ್ಕವುಗಳಿಗಿಂತ ಬಿಸಿಯಾಗಿದ್ದರೆ ಉತ್ತರ ಸಿಕ್ಕಿತು. ಎಂಜಿನ್ನಿನ ಸದ್ದು ಏರಿಯೂ ವೇಗ ಏರದಿದ್ದರೆ ಕ್ಲಚ್ಚು ಜಾರುತ್ತಿರುವದು. ನಿಂತಲ್ಲಿ ಗಾಡಿ ನಡುಗಿದರೆ ಎಂಜಿನ್ನನ್ನು ಹೊತ್ತ ರಬ್ಬರಿನ ಗದ್ದಿಗೆ ಒಡೆದಿರಬಹುದು. ಇದನ್ನು ಮಿಸ್ಸಿಂಗ್ ಎಂದು ತಿಳಿದು ಪ್ಲಗ್ಗು-ಕಾಯಿಲುಗಳಿಗೆ ಹಣ ಸುರಿಯುವವರಿದ್ದಾರೆ. ಗಾಲಿಗಳಲ್ಲಿ ಗಾಳಿ ಕಡಿಮೆಯಾಗಿ, ಮೇಲೆ ಮಿತಿಮೀರಿ ಭಾರ ಹೇರಿದ್ದರೆ ಆವರೇಜು ಇಳಿಯುವದಕ್ಕೆ ಬೇರೆ ಕಾರಣ ಬೇಕಿಲ್ಲ.

ಗೃಹಸ್ಥನ ಕರ್ತವ್ಯ

ಗಾಡಿಯನ್ನು ತಾವೇ ಬಿಚ್ಚಬೇಕೆಂದು ಯಾರಿಗೂ ಹೇಳುತ್ತಿಲ್ಲ. ಆದರೆ ಒಳ್ಳೆಯ ರೋಗಿಯಿಂದ ಅರ್ಧ ವೈದ್ಯವಾಗುವದು. ಅದಕ್ಕಾಗಿ ಈ ಕೆಲವು ಸಂಗತಿಗಳನ್ನು ಲಕ್ಷ್ಯದಲ್ಲಿಡಬೇಕು.

೧. ದೀಪಗಳ ಭೇದವನ್ನು ಮನೆಯಲ್ಲಿ ಗಾಡಿ ನಡೆಸುವವರೆಲ್ಲರೂ ತಿಳಿದಿರಬೇಕು. 
ಆಯಿಲಿನ ಒತ್ತಡದ ಇಲ್ಲವೆ ಎಂಜಿನ್ನಿನ ಕಾವಿನ ಕೆಂಪು ದೀಪ ಹೊತ್ತಿದರೆ ಸುರಕ್ಷಿತ ಸ್ಥಳದಲ್ಲಿ ಕೂಡಲೆ ನಿಲ್ಲಿಸತಕ್ಕದ್ದು. ಅಲ್ಲಿ ನಿದಾನವೂ ಇಲ್ಲ, ತರ್ಕವೂ ಇಲ್ಲ. ಎಂಜಿನ್ನಿನ ಹಳದಿ ದೀಪವು ಮಿಣುಕುತ್ತಿದ್ದರೆ ಜೋರಾದ ಮಿಸ್ಸಿಂಗ್ ಆಗಿ ಕನ್ವರ್ಟರು ಕೆಡುತ್ತಿದೆಯೆಂದು ತಿಳಿದು, ವೇಗ ತಗ್ಗಿಸಿ, ಬೇಗನೆ ನಿಲ್ಲಿಸುವದು ಲೇಸು. ಹಳದಿ ದೀಪವು ಮಿಣುಕದೆ ಸ್ಥಿರವಾಗಿದ್ದು, ಗಾಡಿಯ ನಡೆಯಲ್ಲಿ ವ್ಯತ್ಯಾಸವಿಲ್ಲದಿದ್ದರೆ, ಗಾಬರಿಪಡದೆ ಒಂದೆರಡು ದಿನಗಳಲ್ಲಿ ತೋರಿಸಬಹುದು. ಮಕ್ಕಳನ್ನು ಒಯ್ಯುವ ಗಾಡಿಯು ನಡುರಸ್ತೆಯಲ್ಲಿ ಒಮ್ಮೆ ನಿಂತಿತೆಂದರೆ ಮಾತ್ರ, ನಿಜವಾದ ಕಾರಣ ಸಿಕ್ಕುವವರೆಗೆ ಆ ಕೆಲಸಕ್ಕೆ ಅದನ್ನು ಹಚ್ಚಬಾರದು.

೨. ಗಾಡಿಯಲ್ಲಿ ಒಂದು ಸಣ್ಣ ವಹಿಯನ್ನಿಡಬೇಕು. 
ಎಷ್ಟು ಇಂಧನ, ಎಲ್ಲಿ ತುಂಬಿಸಿದ್ದು, ದೀಪ ಎಂದು ಹೊತ್ತಿತು, ಆಗ ಬಿಸಿಲೋ ಮಳೆಯೋ, ಏರೋ ಇಳಿಜಾರೋ, ಏನೇನು ಚಾಲೂ ಇತ್ತು ಎಂಬುದನ್ನು ಎರಡು ಸಾಲು ಬರೆದಿಟ್ಟರೆ ಸಾಕು. ಈ ಬರಹವನ್ನು ಮನೆಯ ಶಾಲೆಗೆ ಹೋಗುವ ಹುಡುಗರಿಗೂ ಒಪ್ಪಿಸಬಹುದು. ಅವರಿಗೆ ನೋಟವೂ ಹರಿತವಾಗುವದು.

೩. ಸಂಕೇತವನ್ನು ಅಳಿಸುವ ಮೊದಲು ಬರೆದುಕೊಳ್ಳಬೇಕು, ಇಲ್ಲವೆ ಪರದೆಯ ಫೋಟೋ ತೆಗೆದುಕೊಳ್ಳಬೇಕು. 
ಎಲ್ಲ ಸಂಕೇತಗಳನ್ನೂ ಬಂದ ಕ್ರಮದಲ್ಲಿ ಬರೆಯತಕ್ಕದ್ದು.

೪. ಹೊಸ ಭಾಗಕ್ಕೆ ಒಪ್ಪಿಗೆ ಕೊಡುವ ಮೊದಲು ಮಿಸ್ತ್ರಿಗೆ ನಯವಾಗಿ ಒಂದು ಪ್ರಶ್ನೆ ಹಾಕಬೇಕು: “ಇದೇ ಕೆಟ್ಟದ್ದು ಅಂತ ಯಾವ ಪರೀಕ್ಷೆಯಿಂದ ಗೊತ್ತಾತ್ರೀ?” 
“ಸ್ಕ್ಯಾನರು ಹೇಳಿತು” ಎಂಬುದು ಉತ್ತರವಲ್ಲ. “ಅದಲು ಬದಲು ಮಾಡಿ ನೋಡಿದೆ”, “ಮೀಟರಿನಿಂದ ಅಳೆದೆ”, “ಹೊಗೆ ಬಿಟ್ಟು ಸೋರಿಕೆ ನೋಡಿದೆ” ಎಂಬಿವು ಉತ್ತರಗಳು.

೫. ಅಗ್ಗದ ಪರೀಕ್ಷೆಗಳು ಮೊದಲು, ದುಬಾರಿಯ ಭಾಗಗಳು ಕಡೆಗೆ. 
ಪೂರ್ಣ ತುಂಬಿ ವಿಶ್ರಾಂತಿಯಲ್ಲಿರುವ ಬ್ಯಾಟರಿಯು ಸುಮಾರು ೧೨.೬ ವೋಲ್ಟು ತೋರಿಸಬೇಕು. ಎಂಜಿನ್ನು ನಡೆಯುವಾಗ ಸಾಮಾನ್ಯವಾಗಿ ೧೩.೫ರಿಂದ ೧೪.೫. ಬ್ಯಾಟರಿಯ ತುದಿಗಳು, ಅರ್ಥಿಂಗಿನ ಬೋಲ್ಟುಗಳು, ಗಾಳಿಯ ಕೊಳವೆಗಳು, ಕಪ್ಲರುಗಳು ಇವನ್ನು ನೋಡುವದಕ್ಕೆ ಅರ್ಧ ತಾಸು ಸಾಕು.

೬. ನಿದಾನಕ್ಕೆ ಕೂಲಿ ಕೊಡುವದಕ್ಕೆ ಹಿಂದೆಗೆಯಬಾರದು. 
ನಮ್ಮ ಜನರು ಭಾಗಕ್ಕೆ ಐದು ಸಾವಿರ ಕೊಡುವರು. ಎರಡು ತಾಸು ತಲೆ ಓಡಿಸಿ ತುಕ್ಕು ಹಿಡಿದ ಬೋಲ್ಟನ್ನು ಕಂಡುಹಿಡಿದವನಿಗೆ ಐದುನೂರು ಕೊಡಲು ಚೌಕಾಸಿ ಮಾಡುವರು. ವಿಚಾರಕ್ಕೆ ಬೆಲೆ ಸಿಕ್ಕದ ಊರಿನಲ್ಲಿ ಮಿಸ್ತ್ರಿಯು ಭಾಗಗಳನ್ನೇ ಮಾರಿ ಹೊಟ್ಟೆ ಹೊರೆಯಬೇಕಾಗುವದು. ಈ ದೋಷದಲ್ಲಿ ಗಿರಾಕಿಗೂ ಪಾಲುಂಟು.

ಯಂತ್ರಗಳ ಬುದ್ಧಿಯು ಹೆಚ್ಚಿದಂತೆ ಮನುಷ್ಯನ ಬುದ್ಧಿಗೆ ಕೆಲಸವಿಲ್ಲವಾಗುವದೆಂದು ಹಲವರು ಹೇಳುವರು. ವ್ಯಾನಿನ ಹಳದಿ ದೀಪವು ಇದಕ್ಕೆ ವಿರುದ್ಧವಾದ ಪಾಠವನ್ನು ಕಲಿಸುವದು. ಯಂತ್ರವು ಹೆಚ್ಚು ಹೆಚ್ಚು ಮಾತಾಡಿದಷ್ಟೂ, ಅದರ ಮಾತಿನಲ್ಲಿ ಕಂಡದ್ದೆಷ್ಟು, ಊಹಿಸಿದ್ದೆಷ್ಟು ಎಂದು ವಿಂಗಡಿಸುವ ವಿವೇಕವು ಹೆಚ್ಚು ಬೇಕಾಗುವದು. ಆ ವಿವೇಕಕ್ಕೆ ಸ್ಕ್ಯಾನರಿನ ಬೆಲೆಯಿಲ್ಲ. ನೋಡುವದು, ಕೇಳುವದು, ಒಂದನ್ನೇ ಬದಲಿಸಿ ಮತ್ತೆ ನೋಡುವದು, ಅವಸರದಿಂದ ತೀರ್ಪು ಕೊಡದಿರುವದು, ಇಷ್ಟೇ ಅದರ ಸಾಮಗ್ರಿ. ದುಡಿದು ಉಣ್ಣುವ ಮನೆಯ ಹಣವು ತುಕ್ಕು ಹಿಡಿದ ಒಂದು ಬೋಲ್ಟಿನ ದೆಸೆಯಿಂದ ಪೋಲಾಗದಿರಲಿ. ದಿನದ ಕೊನೆಗೆ ಗಾಡಿಯೂ ಗಾಡಿಯವನೂ ಹೊತ್ತಿಗೆ ಸರಿಯಾಗಿ ಮನೆ ಸೇರಲಿ.